ಪ್ರಾಣರಕ್ಷಣೆಯೇ ಮೊದಲು: ತುರ್ತು ಚಿಕಿತ್ಸೆಯ ಹಕ್ಕು

ಕಾಯ ಉಳಿದರೆ ತಾನೇ ಕಾಯಕ. ಆದುದರಿಂದ ಆಪತ್ತಿನಲ್ಲಿರುವವರ ಪ್ರಾಣ ಉಳಿಸುವುದೇ ಮೊದಲ ಧರ್ಮ. ನಮ್ಮ ದೇಶದ ಕಾನೂನು ಹೇಳುವುದೂ ಇದನ್ನೇ. ಇದನ್ನು ಮರೆತರೆ ಆಗುವ ಅನಾಹುತಕ್ಕೆ ನಮ್ಮ ನಾಡಿನ ಮಗಳೊಬ್ಬಳ ಮರಣವೇ ಸಾಕ್ಷಿ.

ಬೆಳಗಾವಿಯ ಲಿಂಗಾಯತ ಮನೆತನದ ದಂತವೈದ್ಯೆ ಸವಿತಾ ಹಾಲಪ್ಪನವರ್ ಐರ್ಲೆಂಡಿನ ಗಾಲ್ವೇ ನಗರದಲ್ಲಿ ನೆಲೆಸಿದ್ದರು. 2012ರ ಅಕ್ಟೋಬರ್ 21ರಂದು, 17 ವಾರಗಳ ಗರ್ಭಿಣಿಯಾಗಿದ್ದಾಗ, ನೋವಿನಿಂದ ಅಲ್ಲಿನ ಆಸ್ಪತ್ರೆಗೆ ಸೇರಿದರು. ಗರ್ಭ ಉಳಿಯದೆಂದು ತಿಳಿದು ಗರ್ಭಪಾತವನ್ನು ಕೋರಿದರು. ಭ್ರೂಣದ ಹೃದಯ ಮಿಡಿಯುತ್ತಿದೆಯೆಂದು, ಆಗಿನ ಕಾನೂನಿನ ಕಾರಣ ನೀಡಿ, ಅದನ್ನು ನಿರಾಕರಿಸಲಾಯಿತು. ರಕ್ತಕ್ಕೆ ನಂಜೇರಿ, ಅಕ್ಟೋಬರ್ 28ರಂದು, 31ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. 2018ರ ಜನಮತಗಣನೆಯಲ್ಲಿ ಐರ್ಲೆಂಡಿನ ಜನತೆ ಆ ನಿರ್ಬಂಧವನ್ನು ಸಂವಿಧಾನದಿಂದಲೇ ತೆಗೆದುಹಾಕಿತು.

ಭಾರತದಲ್ಲಿ 1971ರ ವೈದ್ಯಕೀಯ ಗರ್ಭಪಾತ ಕಾಯಿದೆಯ 5ನೆಯ ಕಲಮಿನಂತೆ, ತಾಯಿಯ ಪ್ರಾಣ ಉಳಿಸಲು ತಕ್ಷಣವೇ ಅಗತ್ಯವಾದರೆ ವಾರಗಳ ಮಿತಿ ಅಡ್ಡಬರುವುದಿಲ್ಲ. ಅರ್ಹ ನೋಂದಾಯಿತ ವೈದ್ಯರೊಬ್ಬರ ನಿರ್ಧಾರವೇ ಸಾಕು. ಹದಿನೆಂಟು ತುಂಬಿದ, ಸ್ವಸ್ಥಮನಸ್ಕಳಾದ ಸ್ತ್ರೀಯ ಸ್ವಂತ ಒಪ್ಪಿಗೆ ಸಾಲುತ್ತದೆ. ಪತಿಯ ಸಹಿಯನ್ನು ಕಾಯಿದೆ ಕೇಳುವುದಿಲ್ಲ.

ಇತರ ತುರ್ತುಸ್ಥಿತಿಗಳಿಗೂ ರಕ್ಷಣೆಯುಂಟು. ಪೊಲೀಸ್ ವಿಧಿವಿಧಾನಕ್ಕೆ ಕಾಯದೆ ಪ್ರತಿಯೊಬ್ಬ ವೈದ್ಯರೂ ಜೀವ ಉಳಿಸಲು ಮುಂದಾಗಬೇಕೆಂದು ಸರ್ವೋಚ್ಚ ನ್ಯಾಯಾಲಯ 1989ರಲ್ಲಿ ಹೇಳಿತು. ರೈಲಿನಿಂದ ಬಿದ್ದ ಕಾರ್ಮಿಕರೊಬ್ಬರನ್ನು ಸರ್ಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ಹಿಂದಕ್ಕೆ ಕಳುಹಿಸಿದ ಪ್ರಕರಣದಲ್ಲಿ, ಅದು ಬದುಕುವ ಹಕ್ಕಿನ ಉಲ್ಲಂಘನೆಯೆಂದು 1996ರಲ್ಲಿ ತೀರ್ಪಿತ್ತಿತು. ತುರ್ತು ಸಂದರ್ಭದಲ್ಲಿ ಖಾಸಗಿ ಆಸ್ಪತ್ರೆಗಳು ಮುಂಗಡ ಹಣಕ್ಕೆ ಪಟ್ಟು ಹಿಡಿಯಬಾರದೆಂಬುದು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯ 2017ರ ತಿದ್ದುಪಡಿಯ ನಿಯಮ.

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಹಳ್ಳಿಗಳಿಂದ ಚಿತ್ರದುರ್ಗವಾಗಲಿ ಬಳ್ಳಾರಿಯಾಗಲಿ ಹತ್ತಿರವಲ್ಲ. ಮನೆಯಲ್ಲಿ ಕಳೆದ ಹೊತ್ತು ದಾರಿಯ ಹೊತ್ತಿಗೆ ಸೇರಿಕೊಳ್ಳುತ್ತದೆ. ಗರ್ಭಿಣಿಗೆ ಅತಿ ರಕ್ತಸ್ರಾವ, ಜ್ವರದೊಡನೆ ದುರ್ವಾಸನೆಯ ಸ್ರಾವ, ಫಿಟ್ಸ್, ತೀವ್ರ ಹೊಟ್ಟೆನೋವು, ಕಣ್ಣು ಮಂಜಾಗುವಿಕೆ ಕಂಡರೆ ಹಿರಿಯರ ಬರವಿಗಾಗಲಿ ಬೆಳಗಾಗಲೆಂದಾಗಲಿ ಕಾಯದೆ 108ಕ್ಕೆ ಕರೆಮಾಡಿರಿ. ತರಬೇತಿಯಿಲ್ಲದವರ ಕೈಗೆ ಒಪ್ಪಿಸದಿರಿ. ತಾಲ್ಲೂಕು ಆಸ್ಪತ್ರೆಯಿಂದ ದೊಡ್ಡ ಆಸ್ಪತ್ರೆಗೆ ಕಳುಹಿಸುವುದಾದರೆ, ಮೊದಲು ಪ್ರಥಮ ಚಿಕಿತ್ಸೆಯನ್ನೂ, ನೀಡಿದ ಔಷಧಗಳ ವಿವರವುಳ್ಳ ಚೀಟಿಯನ್ನೂ ಕೇಳಿ ಪಡೆಯಿರಿ. ನಿರಾಕರಿಸಿದರೆ ಕಾರಣವನ್ನು ಬರೆದುಕೊಡುವಂತೆ ವಿನಯದಿಂದ, ಆದರೆ ದೃಢವಾಗಿ ಕೇಳಿರಿ. ಈ ಮಾತುಗಳನ್ನು ಮನೆಯ ಸೊಸೆಯಂದಿರಿಗೂ ಹೆಣ್ಣುಮಕ್ಕಳಿಗೂ ಓದಿ ಹೇಳಿರಿ.