ಪ್ರಬಲ ಅಯಸ್ಕಾಂತ ಮತ್ತು ಮಿದುಳಿನ ಚಿತ್ರ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆಯವರಿಗೆ ಎಂ.ಆರ್.ಐ. ಎಂಬ ಮಾತು ಈಗ ಹೊಸದಲ್ಲ. ಮಂಗಳೂರಿನಿಂದ ಮರಳುವ ಬಸ್ಸಿನಲ್ಲಿ ದೊಡ್ಡದೊಂದು ಲಕೋಟೆಯನ್ನು ಮಡಿಚಿಹೋಗದಂತೆ ಮಡಿಲಲ್ಲಿಟ್ಟುಕೊಂಡು ಕುಳಿತವರನ್ನು ನಾವೆಲ್ಲರೂ ಕಂಡಿದ್ದೇವೆ. ಒಳಗಿನ ಕಪ್ಪು ಹಾಳೆಯಲ್ಲಿ ಮಿದುಳಿನ ಚಿತ್ರ, ಜೊತೆಗೊಂದು ವರದಿ. ವರದಿಯಲ್ಲಿ 'ನಾರ್ಮಲ್' ಎಂದಿದ್ದರೆ ಮನೆಯವರಿಗೆ ಸಮಾಧಾನ. ಆದರೆ ಆ ಶಬ್ದದ ಅರ್ಥವೇನು? ರೋಗವಿಲ್ಲವೆಂದೇ, ಅಥವಾ ರೋಗವು ಆ ಯಂತ್ರಕ್ಕೆ ಕಾಣಲಿಲ್ಲವೆಂದೇ? ಕಲಾವಿಭಾಗದ ವಿದ್ಯಾರ್ಥಿಯಾದ ನಾನು ಈ ಪ್ರಶ್ನೆಯನ್ನು ಹಿಡಿದು ಓದಿ ತಿಳಿದಷ್ಟನ್ನು ಸಹಪಾಠಿಗಳ ಮುಂದಿಡುತ್ತಿದ್ದೇನೆ.

ಎಂ.ಆರ್.ಐ. ಯಂತ್ರದಲ್ಲಿ ಕ್ಷ-ಕಿರಣವಿಲ್ಲ. ಅಲ್ಲಿ ಕೆಲಸಮಾಡುವುದು ಒಂದು ದೊಡ್ಡ ಅಯಸ್ಕಾಂತ, ರೇಡಿಯೋ ತರಂಗ ಮತ್ತು ನಮ್ಮ ದೇಹದಲ್ಲಿರುವ ನೀರು. ನೀರಿನ ಪ್ರತಿ ಅಣುವಿನಲ್ಲಿಯೂ ಜಲಜನಕದ ಎರಡು ಪರಮಾಣುಗಳುಂಟು. ಅವುಗಳ ಬೀಜವಾದ ಪ್ರೋಟಾನು ಅತಿ ಸಣ್ಣ ಕಾಂತಸೂಜಿಯಂತೆ ವರ್ತಿಸುತ್ತದೆ. ಹೊರಗಿನಿಂದ ಕಾಂತಕ್ಷೇತ್ರವನ್ನು ಒಡ್ಡಿದರೆ ಕೆಲವು ಅದರ ದಿಕ್ಕಿಗೆ ನಿಲ್ಲುತ್ತವೆ, ಕೆಲವು ವಿರುದ್ಧ ದಿಕ್ಕಿಗೆ. ಎಲ್ಲವೂ ಒಂದೇ ಕಡೆ ತಿರುಗುತ್ತವೆಂದು ಭಾವಿಸಬಾರದು. ದೇಹದ ಶಾಖವು ಅವುಗಳನ್ನು ಸದಾ ಕಲಕುತ್ತಿರುತ್ತದೆ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ ೧.೫ ಟೆಸ್ಲಾದ ಯಂತ್ರದಲ್ಲಿ ಈ ಎರಡು ಪಕ್ಷಗಳ ಅಂತರ ಹತ್ತು ಲಕ್ಷಕ್ಕೆ ಸುಮಾರು ಐದು ಮಾತ್ರ! ಹತ್ತು ಲಕ್ಷ ಮತ ಬಿದ್ದ ಚುನಾವಣೆಯನ್ನು ಐದು ಮತಗಳಿಂದ ಗೆದ್ದ ಹಾಗೆ. ಉಳಿದವು ಒಂದನ್ನೊಂದು ಅಳಿಸಿಹಾಕುತ್ತವೆ. ನಾವು ಕಾಣುವ ಚಿತ್ರವೆಲ್ಲ ಆ ಐದರ ದುಡಿಮೆ.

ಕಾಂತಕ್ಷೇತ್ರದಲ್ಲಿ ಪ್ರೋಟಾನುಗಳು ಬುಗುರಿಯಂತೆ ಓಲಾಡುತ್ತ ತಿರುಗುತ್ತವೆ. ಒಂದು ಟೆಸ್ಲಾ ಬಲದಲ್ಲಿ ಸೆಕೆಂಡಿಗೆ ಸುಮಾರು ೪.೨೬ ಕೋಟಿ ಸುತ್ತು. ಅದೇ ಲಯದ ರೇಡಿಯೋ ತರಂಗವನ್ನು ಹಾಯಿಸಿದರೆ, ಲಯವರಿತು ತೂಗಿದ ತೊಟ್ಟಿಲಿನಂತೆ, ಅವು ಶಕ್ತಿಯನ್ನು ಹೀರಿ ವಾಲುತ್ತವೆ. ಇದನ್ನೇ ಅನುರಣನವೆನ್ನುವರು. ತರಂಗ ನಿಂತೊಡನೆ ತಾವೇ ಕ್ಷೀಣವಾದ ರೇಡಿಯೋ ಸ್ವರವನ್ನು ಹೊರಡಿಸುತ್ತವೆ. ಕ್ಷೇತ್ರವನ್ನು ಒಂದೆಡೆ ತುಸು ಹೆಚ್ಚು, ಇನ್ನೊಂದೆಡೆ ತುಸು ಕಡಿಮೆ ಮಾಡಿದರೆ, ಸ್ವರವು ತಲೆಯ ಯಾವ ಭಾಗದಿಂದ ಬಂತೆಂದು ಲೆಕ್ಕಹಾಕಬಹುದು. (ಯಂತ್ರದೊಳಗೆ ಮಲಗಿದವರನ್ನು ಹೆದರಿಸುವ ಆ ಬಡಬಡ ಸದ್ದು ಕ್ಷೇತ್ರವನ್ನು ಹೀಗೆ ಬದಲಿಸುವ ತಂತಿಸುರುಳಿಗಳದು.)

ಈ ವಿದ್ಯೆಗೆ ಕನ್ನಡನಾಡು ತಡವಾಗಿ ಬಂದುದಲ್ಲ. ಅಮೆರಿಕದ ಬ್ಲಾಖ್ ಮತ್ತು ಪರ್ಸೆಲ್ ತಮ್ಮ ಶೋಧವನ್ನು ಬೇರೆಬೇರೆಯಾಗಿ ಪ್ರಕಟಿಸಿದ್ದು ೧೯೪೬ರಲ್ಲಿ. ಐದೇ ವರ್ಷಗಳಲ್ಲಿ, ೧೯೫೧ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಅವರು ಹರಿಯುವ ದ್ರವಗಳಲ್ಲಿ ಈ ಅನುರಣನವನ್ನು ಪರೀಕ್ಷಿಸಿ ಬರೆದರು. ನಿಂತ ದ್ರವದ ಪ್ರೋಟಾನುಗಳು ತರಂಗದ ಹೊಡೆತಕ್ಕೆ ದಣಿದು ಮಂಕಾಗುತ್ತವೆ; ಹರಿಯುವ ದ್ರವವಾದರೋ ಹೊಸ ಪ್ರೋಟಾನುಗಳನ್ನು ತರುತ್ತಲೇ ಇರುವುದರಿಂದ ಅದರ ಸ್ವರ ಬಲವಾಗುತ್ತದೆ. ಇಂದು ಔಷಧ ಚುಚ್ಚದೆ ಮಿದುಳಿನ ರಕ್ತನಾಳಗಳನ್ನು ಚಿತ್ರಿಸುವ ಕ್ರಮವೊಂದರ ಹಿಂದೆ ಇದೇ ತತ್ತ್ವವಿದೆ. ಈ ಹೆಸರು ನಮ್ಮಲ್ಲಿ ಇನ್ನಷ್ಟು ಪರಿಚಿತವಾಗಬೇಕಿತ್ತೆಂದು ನನ್ನ ಅಭಿಪ್ರಾಯ.

ಐದು ಮತಗಳ ಅಂತರವನ್ನು ಹಿಗ್ಗಿಸುವ ನೇರವಾದ ದಾರಿಯೆಂದರೆ ಅಯಸ್ಕಾಂತವನ್ನೇ ಬಲಪಡಿಸುವುದು. ಏಳು ಟೆಸ್ಲಾದಲ್ಲಿ ಅಂತರ ಹತ್ತು ಲಕ್ಷಕ್ಕೆ ಸುಮಾರು ೨೩ ಆಗುತ್ತದೆ. ನಮ್ಮೂರಿನಲ್ಲಿ ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಬಲಕ್ಕಿಂತ ಇದು ಒಂದೂವರೆ ಲಕ್ಷ ಪಟ್ಟಿಗೂ ಹೆಚ್ಚು. ಸಾವಿರಕಂಬದ ಬಸದಿಯನ್ನು ಬೀದಿಯಿಂದ ನೋಡಿದರೆ ಕಂಬಗಳೆಲ್ಲ ಒಂದೇ. ಒಳಹೊಕ್ಕು ನೋಡಿದರೆ ಒಂದರ ಕೆತ್ತನೆ ಇನ್ನೊಂದಕ್ಕಿಲ್ಲ. ಸಾಮಾನ್ಯ ಯಂತ್ರ ಬೀದಿಯ ನೋಟ, ಏಳು ಟೆಸ್ಲಾದ್ದು ಒಳಗಿನ ನೋಟ. ಸೇಜಿ ಒಗಾವಾ ಅವರು ೧೯೯೦ರಲ್ಲಿ ಇಲಿಗಳ ಮಿದುಳಿನಲ್ಲಿ, ಆಮ್ಲಜನಕ ಕಳೆದುಕೊಂಡ ರಕ್ತ ಚಿತ್ರವನ್ನು ಕಪ್ಪಾಗಿಸುವುದನ್ನು ಕಂಡದ್ದೂ ಇಂಥ ಪ್ರಬಲ ಕ್ಷೇತ್ರದಲ್ಲಿಯೇ. ಓದುವಾಗ, ಎಣಿಸುವಾಗ ಮಿದುಳಿನ ಯಾವ ಭಾಗ ದುಡಿಯುತ್ತದೆಂದು ತಿಳಿಯುವ ವಿದ್ಯೆ ಅಲ್ಲಿಂದ ಬೆಳೆಯಿತು.

ವೈದ್ಯಕ್ಕೆ ಇದರಿಂದ ಏನು ಪ್ರಯೋಜನ? ನನಗೆ ಪರಿಚಯದ ಒಂದು ಮನೆಯಲ್ಲಿ ಹುಡುಗಿಯೊಬ್ಬಳಿಗೆ ಆಗಾಗ ಫಿಟ್ಸ್ ಬರುತ್ತಿತ್ತು. ಎಂ.ಆರ್.ಐ. ವರದಿ ನಾರ್ಮಲ್. ಆಮೇಲೆ ನೆರೆಯವರಲ್ಲಿ ಕೆಲವರು ನಾಟಕವೆಂದರು, ಕೆಲವರು ಉಪದ್ರವೆಂದು ಪ್ರಶ್ನೆ ಇಡಿಸಲು ಹೇಳಿದರು. ರೋಗಕ್ಕಿಂತ ಆ ಮಾತುಗಳೇ ಅವಳನ್ನು ಹೆಚ್ಚು ಕುಗ್ಗಿಸಿದವು. ಈಗ ವಿಷಯವನ್ನು ನೋಡಿರಿ. ಮಿದುಳಿನ ಹೊರಪದರದ ದಪ್ಪ ಎರಡರಿಂದ ನಾಲ್ಕು ಮಿಲಿಮೀಟರ್. ಗರ್ಭದಲ್ಲಿ ಅದು ಬೆಳೆಯುವಾಗ ಒಂದು ಮೂಲೆಯಲ್ಲಿ ಜೀವಕೋಶಗಳ ಜೋಡಣೆ ತಪ್ಪಿದರೂ ಸಾಕು, ಅದು ಫಿಟ್ಸಿಗೆ ಮೂಲವಾಗಬಹುದು. ಇಂಥ ಸಣ್ಣ ಊನ ಸಾಮಾನ್ಯ ಚಿತ್ರದಲ್ಲಿ ತಪ್ಪಿಹೋಗುವುದುಂಟು. ಮೂರ್ಛೆರೋಗಿಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಜನರಿಗೆ ಮಾತ್ರೆಯಿಂದ ಹತೋಟಿ ಸಿಗುವುದಿಲ್ಲ. ಅವರಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆ ಸಾಧ್ಯ; ಆದರೆ ಮೂಲಸ್ಥಾನ ಕಂಡರೆ ತಾನೆ? ಕೆಳಬಲದಲ್ಲಿ ಕಾಣದ ಇಂಥ ಕೆಲವು ಕಲೆಗಳು ಏಳು ಟೆಸ್ಲಾದಲ್ಲಿ ಕಂಡಿವೆ. ಅಮೆರಿಕದ ಔಷಧ ಆಡಳಿತವು ೨೦೧೭ರಲ್ಲಿ ಇಂಥ ಯಂತ್ರವೊಂದಕ್ಕೆ ಮೊದಲಬಾರಿಗೆ ಚಿಕಿತ್ಸಾಲಯದ ಬಳಕೆಗೆ ಅನುಮತಿಯಿತ್ತಿತು.

ಹಾಗೆಂದು ಬಲ ಹೆಚ್ಚಿದಷ್ಟೂ ಎಲ್ಲವೂ ಒಳ್ಳೆಯದೆನ್ನುವಂತಿಲ್ಲ. ಏಳು ಟೆಸ್ಲಾದಲ್ಲಿ ರೇಡಿಯೋ ತರಂಗದ ಉದ್ದ ಮಿದುಳಿನೊಳಗೆ ಸುಮಾರು ಹದಿಮೂರು ಸೆಂಟಿಮೀಟರಿಗೆ ಇಳಿಯುತ್ತದೆ, ಅಂದರೆ ತಲೆಗಿಂತಲೂ ಚಿಕ್ಕದು. ಆದುದರಿಂದ ಚಿತ್ರ ಒಂದೆಡೆ ಬೆಳಗಿ ಇನ್ನೊಂದೆಡೆ ಮಸುಕಾಗುತ್ತದೆ. ದೇಹ ಕಾಯುವ ಭಯವೂ ಹೆಚ್ಚು. ಒಳಗೆ ಸರಿಯುವಾಗ ಕೆಲವರಿಗೆ ತಲೆ ತಿರುಗುತ್ತದೆ. ಫ್ರಾನ್ಸಿನ ಸಾಕ್ಲೆಯಲ್ಲಿ ೧೧.೭ ಟೆಸ್ಲಾದ 'ಇಸೆಲ್ಟ್' ಯಂತ್ರದಿಂದ ಪಡೆದ ಮಾನವ ಮಿದುಳಿನ ಮೊದಲ ಚಿತ್ರಗಳನ್ನು ೨೦೨೪ರಲ್ಲಿ ಪ್ರಕಟಿಸಿದರು. ಅದರ ಅಯಸ್ಕಾಂತದ ತೂಕ ೧೩೨ ಟನ್. ಅದನ್ನು ಶೂನ್ಯಕ್ಕಿಂತ ೨೭೧ ಡಿಗ್ರಿ ಕೆಳಗೆ ತಣಿಸಿಡಬೇಕು. ಮನುಷ್ಯರಿಗಿಂತ ಮೊದಲು, ೨೦೨೧ರಲ್ಲಿ, ಅದರೊಳಗೆ ಇಟ್ಟು ನೋಡಿದ್ದು ಒಂದು ಕುಂಬಳಕಾಯಿಯನ್ನು!

ಇಂಥ ಯಂತ್ರ ನಮ್ಮ ತಾಲೂಕಿಗೆ ಬರಲೆಂದು ನಾನು ಹೇಳುವುದಿಲ್ಲ. ಬೆಂಗಳೂರಿನ ವಾಕ್ಸೆಲ್‌ಗ್ರಿಡ್ಸ್ ಸಂಸ್ಥೆಯ ಸ್ವದೇಶೀ ೧.೫ ಟೆಸ್ಲಾ ಯಂತ್ರವು ೨೦೨೩ರಲ್ಲಿ ಬಿಡುಗಡೆಯಾಯಿತು. ಅಂಥದೊಂದು ಹತ್ತಿರದಲ್ಲಿದ್ದರೆ ನಮ್ಮ ಜನರಿಗೆ ಹೆಚ್ಚು ಉಪಕಾರ. ಅದರಲ್ಲಿ ಕಾಣದಿದ್ದರೆ, ಮೂರ್ಛೆರೋಗಕ್ಕೆಂದೇ ಗೊತ್ತುಪಡಿಸಿದ ಕ್ರಮದಲ್ಲಿ ಮೂರು ಟೆಸ್ಲಾದ ಚಿತ್ರ ತೆಗೆಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಆ ಅನುಕೂಲವಿದೆ. ಏಳು ಟೆಸ್ಲಾದ ಮಾತು ಅಲ್ಲಿಯೂ ಉತ್ತರ ಸಿಗದ ಕೆಲವರಿಗೆ. ಚಿತ್ರ ಯಾವುದೇ ಇರಲಿ, ವೈದ್ಯರು ಮೊದಲು ಕೇಳುವುದು ಪಕ್ಕದಲ್ಲಿದ್ದವರ ಸಾಕ್ಷ್ಯವನ್ನು: ಯಾವ ಕೈ ಮೊದಲು ಸೆಳೆಯಿತು, ಮುಖ ಯಾವ ಕಡೆ ತಿರುಗಿತು, ಎಷ್ಟು ಹೊತ್ತಿಗೆ ಎಚ್ಚರವಾಯಿತು. ಮನೆಯವರು ಮೊಬೈಲಿನಲ್ಲಿ ಹಿಡಿದ ಅರ್ಧ ನಿಮಿಷದ ದೃಶ್ಯವೂ ಅವರಿಗೆ ಬೇಕಾಗುತ್ತದೆ.