ಮಸಿ, ಜೆಲಟಿನ್ ಮತ್ತು ವಿಜಯಪುರದ ಬಿಸಿಲು

ಸಿದ್ಧೇಶ್ವರ ಜಾತ್ರೆಯ ಆಸುಪಾಸಿನ ಮುಂಜಾವುಗಳಲ್ಲಿ ಕಾಗದಕ್ಕೆ ಬಳಿದ ಜೆಲಟಿನ್ ನೋಡನೋಡುತ್ತಲೇ ಗಟ್ಟಿಯಾಗುತ್ತದೆ. ಅದೇ ಜೆಲಟಿನ್ ಮೇ ತಿಂಗಳಲ್ಲಿ ರಾತ್ರಿಯಿಡೀ ಕಾದರೂ ಹರಿಯುತ್ತಲೇ ಇರುತ್ತದೆ. ಕಾರ್ಬನ್ ಟ್ರಾನ್ಸ್‌ಫರ್ ಎಂಬ ಹಳೆಯ ಫೋಟೋ ಮುದ್ರಣಕ್ಕೆ ಈ ಊರಲ್ಲಿ ಕಾಲ ಗೊತ್ತುಮಾಡುವುದು ಹವೆಯೇ. ದೀಪಾವಳಿ ಮುಗಿದ ಮೇಲೆ ಶುರುಮಾಡಿ ಸಂಕ್ರಾಂತಿಯ ಜಾತ್ರೆಯ ಹೊತ್ತಿಗೆ ವರ್ಷಕ್ಕೆ ಬೇಕಾದ ಹಾಳೆಗಳನ್ನು ಬಳಿದಿಟ್ಟುಕೊಳ್ಳುವುದು ನನ್ನ ಪದ್ಧತಿಯಾಗಿದೆ.

ಮಾಮೂಲಿ ಕಪ್ಪು-ಬಿಳುಪು ಫೋಟೋದಲ್ಲಿ ಚಿತ್ರ ಮೂಡುವುದು ಬೆಳ್ಳಿಯ ಕಣಗಳಿಂದ. ಇಲ್ಲಿ ಬೆಳ್ಳಿಯ ಜಾಗದಲ್ಲಿರುವುದು ದೀಪದ ಮಸಿ. ಕರಗಿಸಿದ ಜೆಲಟಿನ್‌ಗೆ ಮಸಿ, ಸಕ್ಕರೆ, ತುಸು ಗ್ಲಿಸರಿನ್ ಬೆರೆಸಿ ಕಾಗದಕ್ಕೆ ಬಳಿಯುತ್ತಾರೆ. ಇದಕ್ಕೆ ಟಿಶ್ಯೂ ಎಂದು ಹೆಸರು. ಅದನ್ನು ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣದಲ್ಲಿ ಅದ್ದಿ ಕತ್ತಲಲ್ಲಿ ಒಣಗಿಸಿ, ನೆಗೆಟಿವ್ ಹೊದಿಸಿ ನೇರಳಾತೀತ ಬೆಳಕಿಗೆ ಒಡ್ಡಿದರೆ, ಬೆಳಕು ಇಳಿದಷ್ಟು ಆಳಕ್ಕೆ ಜೆಲಟಿನ್ ಗಟ್ಟಿಯಾಗಿ ಬಿಸಿನೀರಿಗೂ ಕರಗದಂತಾಗುತ್ತದೆ. ಇಂಗಾಲ ಬೆಳಕಿಗೆ ಮಾಸುವುದಿಲ್ಲ, ಗಾಳಿಯಲ್ಲಿನ ಗಂಧಕಕ್ಕೂ ಕೆಡುವುದಿಲ್ಲ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಡತ ಮಾಡುತ್ತಿದ್ದ ನಾಡಿಗೆ ಈ ಬಾಳಿಕೆ ಹೊಸ ಸಂಗತಿಯೇನಲ್ಲ.

ಬೆಳಕಿಗೆ ಜೆಲಟಿನ್ ಗಟ್ಟಿಯಾಗುವ ಈ ತತ್ವಕ್ಕೆ ಫ್ರಾನ್ಸಿನ ಆಲ್ಫೋನ್ಸ್ ಪ್ವಾಟೆವಿನ್ ಪೇಟೆಂಟ್ ಪಡೆದದ್ದು 1855ರಲ್ಲಿ. ಅದೇ ವರ್ಷ ಮುಂಬಯಿ ಸರಕಾರ ಫಿರಂಗಿ ದಳದ ಅಧಿಕಾರಿ ಥಾಮಸ್ ಬಿಗ್ಸ್ ಅವರನ್ನು ವಿಜಯಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳ ಫೋಟೋ ತೆಗೆಯಲು ನೇಮಿಸಿತ್ತು. ಬಿಗ್ಸ್ ಮತ್ತಿತರರು ತೆಗೆದ ಈ ಊರಿನ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ‘ಆರ್ಕಿಟೆಕ್ಚರ್ ಅಟ್ ಬೀಜಾಪೂರ್’ ಎಂಬ ಗ್ರಂಥವಾಗಿ ಬಂದವು. ಅದರಲ್ಲಿ ಅಂಟಿಸಿದ್ದು ಮೊಟ್ಟೆಯ ಲೋಳೆ ಬಳಿದ ಕಾಗದದ ಅಲ್ಬುಮೆನ್ ಮುದ್ರಣಗಳು. ಬೆಳ್ಳಿಯನ್ನೇ ನೆಚ್ಚಿದ ಆ ಬಗೆಯ ಚಿತ್ರಗಳು ಕಾಲ ಕಳೆದಂತೆ ಹಳದಿಗೆ ತಿರುಗುತ್ತವೆ, ತಿಳಿಯಾಗುತ್ತವೆ.

ಪ್ವಾಟೆವಿನ್ ವಿಧಾನಕ್ಕೆ ಒಂದು ತೊಡಕಿತ್ತು. ಬೆಳಕು ಮೇಲಿನಿಂದ ಬೀಳುವುದರಿಂದ ಮೇಲ್ಪದರ ಗಟ್ಟಿಯಾಗಿ, ಕಾಗದಕ್ಕೆ ಅಂಟಿದ ತಳ ಮೆತ್ತಗೇ ಉಳಿಯುತ್ತಿತ್ತು. ಬಿಸಿನೀರಿಗೆ ಹಾಕಿದೊಡನೆ ತಳ ಕರಗಿ ನಸುಬೂದು ಛಾಯೆಗಳೆಲ್ಲ ತೇಲಿಹೋಗುತ್ತಿದ್ದವು. ಇಂಗ್ಲೆಂಡಿನ ಜೋಸೆಫ್ ಸ್ವಾನ್ 1864ರಲ್ಲಿ ಟಿಶ್ಯೂವನ್ನು ಬೋರಲು ಹಾಕಿ ಬೇರೊಂದು ಕಾಗದಕ್ಕೆ ಒತ್ತಿ, ಮೂಲ ಕಾಗದವನ್ನು ಸುಲಿದು ತೆಗೆಯುವ ದಾರಿ ಕಂಡುಕೊಂಡರು. ಕರಗುವ ಪದರ ಮೇಲೆ ಬಂತು, ಗಟ್ಟಿಯಾದದ್ದು ಹೊಸ ಕಾಗದಕ್ಕೆ ಕಚ್ಚಿಕೊಂಡಿತು.

ದೊಡ್ಡ ಚಿತ್ರದ ಕಷ್ಟವೇ ಬೇರೆ. ಈ ಜೆಲಟಿನ್‌ಗೆ ಬೆಳಕಿನ ಸಂವೇದನೆ ಕಡಿಮೆ. ಸಣ್ಣ ನೆಗೆಟಿವನ್ನು ಎನ್‌ಲಾರ್ಜರಿನಲ್ಲಿ ಹಿಗ್ಗಿಸಿ ಮುದ್ರಿಸಲು ಬರುವುದಿಲ್ಲ. ಚಿತ್ರ ಎಷ್ಟು ದೊಡ್ಡದೋ ನೆಗೆಟಿವ್ ಅಷ್ಟೇ ದೊಡ್ಡದಿರಬೇಕು. ಈಗ ಪಾರದರ್ಶಕ ಫಿಲ್ಮಿನ ಮೇಲೆ ಇಂಕ್‌ಜೆಟ್ ಪ್ರಿಂಟರಿನಲ್ಲಿ ಅದನ್ನು ತೆಗೆಯಬಹುದು. ಆದರೆ 8×10 ಇಂಚಿನ ಹಾಳೆಗಿಂತ 20×24 ಇಂಚಿನದು ಆರು ಪಟ್ಟು ದೊಡ್ಡದು. ಅಷ್ಟಗಲಕ್ಕೂ ಜೆಲಟಿನ್ ಒಂದೇ ದಪ್ಪಕ್ಕೆ ನಿಲ್ಲಬೇಕಾದರೆ ಗೌಂಡಿಗಳ ಸ್ಪಿರಿಟ್ ಲೆವೆಲ್ ಇಟ್ಟು ಕಾಗದದಡಿಯ ಗಾಜನ್ನು ನಾಲ್ಕೂ ಮೂಲೆಯಲ್ಲಿ ಸಮ ಮಾಡಿಕೊಂಡೇ ಬಳಿಯಬೇಕು.

ಒಣಗಿಸುವ ಪಾಠ ಸಿಕ್ಕಿದ್ದು ತಿಕೋಟಾ ಕಡೆಯ ಮಣೂಕದ, ಅಂದರೆ ಒಣದ್ರಾಕ್ಷಿಯ, ಶೆಡ್ಡುಗಳಲ್ಲಿ. ದ್ರಾಕ್ಷಿಯನ್ನು ಅಲ್ಲಿ ಬಿಸಿಲಿಗೆ ಸುರಿಯುವುದಿಲ್ಲ. ಮೇಲೆ ನೆರಳು, ಸುತ್ತ ಗಾಳಿ, ನಡುವೆ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆ. ಹಣ್ಣಿಗೆ ಎಲ್ಲ ಮಗ್ಗುಲಿಂದಲೂ ಗಾಳಿಯಾಡುತ್ತದೆ. ನನ್ನ ಕೋಣೆಯಲ್ಲೂ ಈಗ ನೈಲಾನ್ ಬಲೆಯ ಅಂತಸ್ತುಗಳಿವೆ. ಧೂಳು ತಡೆಯಲು ಕಿಟಕಿಗೆ ತೆಳು ಬಟ್ಟೆ. ಫ್ಯಾನಿನ ಗಾಳಿಯನ್ನು ನೇರ ಬಿಟ್ಟರೆ ಅಂಚು ಮೊದಲು ಒಣಗಿ ಟಿಶ್ಯೂ ಸುರುಳಿ ಸುತ್ತಿಕೊಳ್ಳುತ್ತದೆ; ಗೋಡೆಗೆ ತಾಗಿ ತಿರುಗಿ ಬರುವ ಗಾಳಿ ಒಳ್ಳೆಯದು. ಮಾರ್ಚ್ ನಂತರದ ಒಣಹವೆಗೆ ಟಿಶ್ಯೂ ಬಿರಿಯುತ್ತದೆ, ಆ ತಿಂಗಳುಗಳಿಗೆಂದು ಬಳಿಯುವ ಹಾಳೆಗಳಿಗೆ ಗ್ಲಿಸರಿನ್ ತುಸು ಹೆಚ್ಚಿಗೆ ಬೇಕು.

ನೀರಿನ ವಿಷಯವೂ ಅಷ್ಟೇ ಮುಖ್ಯ. ಡೈಕ್ರೋಮೇಟ್ ದ್ರಾವಣ ಬೆಚ್ಚಗಿದ್ದರೆ ಜೆಲಟಿನ್ ಮೆತ್ತಗಾಗಿ ಸುಕ್ಕುಗಟ್ಟುತ್ತದೆ. ಟ್ರೇಯನ್ನು ಮಂಜುಗಡ್ಡೆಯ ನಡುವೆ ಇಟ್ಟು ತಣ್ಣಗಿಡಬೇಕು. ಬೆಳಕಿಗೊಡ್ಡಿದ ಟಿಶ್ಯೂವನ್ನೂ ಹೊಸ ಕಾಗದವನ್ನೂ ನೀರೊಳಗೇ ಜೋಡಿಸುವಾಗ ನಡುವೆ ಒಂದು ಗುಳ್ಳೆ ಸಿಕ್ಕರೂ ಅಲ್ಲಿ ಚಿತ್ರ ಕಚ್ಚುವುದಿಲ್ಲ. ಕುದಿಸಿ ಆರಿಸಿದ ನೀರಿನಲ್ಲಿ ಕರಗಿದ ಗಾಳಿ ಕಡಿಮೆ, ಗುಳ್ಳೆಯೂ ಕಡಿಮೆ.

ಇಷ್ಟು ಬಿಸಿಲಿರುವ ಊರಲ್ಲಿ ಟಿಶ್ಯೂಗೆ ಬೆಳಕು ಕೊಡಲು ಟ್ಯೂಬ್‌ಲೈಟ್ ಏಕೆ ಎಂದು ನೋಡಬಂದವರು ಕೇಳುತ್ತಾರೆ. ಬಿಸಿಲಿನಲ್ಲಿ ಬೆಳಕಿನ ಜೊತೆ ಶಾಖವೂ ಇದೆ. ಕಾದ ಫ್ರೇಮಿನೊಳಗೆ ಬೆಳಕು ತಾಗದ ಜಾಗದ ಜೆಲಟಿನ್ನೂ ಗಟ್ಟಿಯಾಗತೊಡಗಿ, ಬಿಳಿ ಇರಬೇಕಾದಲ್ಲಿ ಮಬ್ಬು ಕವಿಯುತ್ತದೆ. ಅದಲ್ಲದೆ ಕರಿ ಟಿಶ್ಯೂ ಮೇಲೆ ಚಿತ್ರ ಮೂಡುವುದು ಕಣ್ಣಿಗೆ ಕಾಣದು. ಹತ್ತೊಂಬತ್ತನೆಯ ಶತಮಾನದ ಮುದ್ರಕರು ಬೆಳಕು ಅಳೆಯಲು ಆಕ್ಟಿನೋಮೀಟರ್ ಇಟ್ಟುಕೊಳ್ಳುತ್ತಿದ್ದರು. ನೇರಳಾತೀತ ಟ್ಯೂಬುಗಳ ಪೆಟ್ಟಿಗೆಯಿದ್ದರೆ ಗಡಿಯಾರವೇ ಸಾಕು.

ಜೋಡಿಸಿದ ಕಾಗದಗಳನ್ನು ಸುಮಾರು 42 ಡಿಗ್ರಿ ಬಿಸಿನೀರಿಗೆ ಇಳಿಸಿದ ಮೇಲೆ ಅಂಚಿನಿಂದ ಮಸಿ ಒಸರುತ್ತದೆ. ಆಗ ಮೇಲಿನ ಕಾಗದವನ್ನು ಒಂದೇ ಎಳೆತಕ್ಕೆ ಸುಲಿಯಬೇಕು. ನಡುವೆ ನಿಂತರೆ ಅಲ್ಲಿ ಗೆರೆ ಉಳಿಯುತ್ತದೆ. ಮೊದಲು ಕಾಣುವುದು ಬರೀ ಕರಿ ರಾಡಿ. ನೀರು ಆಡಿಸುತ್ತ ಹೋದಂತೆ ಆಕಾಶ ತಿಳಿಯಾಗಿ, ಗೋಳಗುಮ್ಮಟದ ಗೋಡೆ ಬಿಡಿಸಿಕೊಳ್ಳುತ್ತದೆ. ಈ ಗಳಿಗೆಯ ಸಂತೋಷಕ್ಕಾಗಿ ಉಳಿದ ಶ್ರಮವನ್ನೆಲ್ಲ ಮತ್ತೆ ಮತ್ತೆ ಪಡಬಹುದು.

ಡೈಕ್ರೋಮೇಟ್ ವಿಷ, ಕ್ಯಾನ್ಸರ್ ತರುವಂಥದ್ದು. ಕೈಗವಸು ಬೇಕೇ ಬೇಕು. ಪುಡಿಯನ್ನು ತೂಗುವಾಗ ಮುಖಕ್ಕೆ ಮಾಸ್ಕ್ ಇರಬೇಕು. ಬಳಸಿದ ದ್ರಾವಣವನ್ನು ಚರಂಡಿಗೆ ಚೆಲ್ಲದೆ ಮುಚ್ಚಿದ ಕ್ಯಾನಿನಲ್ಲಿ ಕೂಡಿಟ್ಟು ಅಪಾಯಕಾರಿ ತ್ಯಾಜ್ಯವಾಗಿಯೇ ವಿಲೇವಾರಿ ಮಾಡಬೇಕು. ಬೋರ್‌ವೆಲ್ ನೀರು ಕುಡಿಯುವ ಬಬಲೇಶ್ವರ, ತಿಕೋಟಾದಂಥ ಕಡೆಗಳಲ್ಲಿ ಈ ಮಾತಿಗೆ ವಿನಾಯಿತಿಯೇ ಇಲ್ಲ.

ಈಗ ಕೈಯಲ್ಲಿರುವುದು ಇಲ್ಲಿನ ಇಬ್ರಾಹಿಂ ರೋಜಾ ಗೋರಿಯ ಗೋಡೆಬರಹಗಳ ಕೆಲಸ. ಕಾರ್ಬನ್ ಮುದ್ರಣದಲ್ಲಿ ಕಪ್ಪು ದಟ್ಟವಾದಷ್ಟೂ ಜೆಲಟಿನ್ ದಪ್ಪ, ಆದ್ದರಿಂದ ಕಲ್ಲಿನ ಕೆತ್ತನೆಗೆ ಇದರಷ್ಟು ಹೊಂದುವ ವಿಧಾನ ಕಡಿಮೆ. ಒಮ್ಮೆ ವರ್ಗಾಯಿಸಿದ ಚಿತ್ರದಲ್ಲಿ ಎಡ-ಬಲ ಅದಲುಬದಲಾಗುತ್ತದೆ. ಗುಮ್ಮಟದ ಚಿತ್ರದಲ್ಲಿ ಅದು ಯಾರ ಗಮನಕ್ಕೂ ಬರಲಿಕ್ಕಿಲ್ಲ, ಅಕ್ಷರಗಳಲ್ಲಿ ಮುಚ್ಚಿಡಲಾಗದು. ಹಿಂದಿನವರು ಇದಕ್ಕಾಗಿ ಎರಡು ಬಾರಿ ವರ್ಗಾಯಿಸುತ್ತಿದ್ದರು. ಈಗ ಕಂಪ್ಯೂಟರಿನಲ್ಲೇ ನೆಗೆಟಿವನ್ನು ಮಗುಚಿಕೊಳ್ಳಬಹುದು. ಆ ನೆಗೆಟಿವ್‌ಗಳು ತಯಾರಾಗಿವೆ, ಟಿಶ್ಯೂ ಬಳಿಯಲು ಚಳಿ ಬೀಳಬೇಕಷ್ಟೆ.