ಮಾರುವುದೋ, ದಾಸ್ತಾನಿಡುವುದೋ?

2002ರಲ್ಲಿ ಕಂಪನಿ ಕಾಯ್ದೆಗೆ ಆದ ತಿದ್ದುಪಡಿಯಿಂದ ರೈತರು ಉತ್ಪಾದಕ ಕಂಪನಿ ಕಟ್ಟಲು ಅವಕಾಶವಾಯಿತು. ಸುಗ್ಗಿಯಲ್ಲಿ ಇಂಥ ಕಂಪನಿಗೆ ಎದುರಾಗುವ ಪ್ರಶ್ನೆ: ತೊಗರಿಯನ್ನು ಈಗಲೇ ಮಾರುವುದೋ, ಉಗ್ರಾಣದಲ್ಲಿಡುವುದೋ? ಗಾಳಿಮಾತು ನಂಬಿದರೆ ಸದಸ್ಯರ ವರ್ಷದ ದುಡಿಮೆಗೇ ಪೆಟ್ಟು.

ಧಾರಣೆ, ಆವಕ, ದಾಸ್ತಾನು, ಖರ್ಚುಗಳ ಅಂಕಿಗಳನ್ನು ಕ್ರಮವಾಗಿ ಬರೆದಿಟ್ಟು, ಹೋಲಿಸಿ, ತೀರ್ಮಾನಕ್ಕೆ ಬಳಸುವುದೇ ‘ಬಿಸಿನೆಸ್ ಇಂಟೆಲಿಜೆನ್ಸ್’.

ಉದಾಹರಣೆಗೆ, ಧಾರಣೆ ಕ್ವಿಂಟಲಿಗೆ 7,000 ರೂ. ಇದೆಯೆಂದು ಭಾವಿಸೋಣ. 3 ತಿಂಗಳು ಇಟ್ಟರೆ ತಗಲುವ ಖರ್ಚು:

ಬಡ್ಡಿ (ವರ್ಷಕ್ಕೆ ಶೇ. 12) – 210 ರೂ.
ಉಗ್ರಾಣದ ಬಾಡಿಗೆ – 30 ರೂ.
ಚೀಲ, ಹಮಾಲಿ – 60 ರೂ.
ತೂಕದ ನಷ್ಟ (ಶೇ. 1) – 70 ರೂ.
ಒಟ್ಟು – 370 ರೂ.

ಎಂದರೆ, ಧಾರಣೆ ಸುಮಾರು 7,370 ರೂ. ದಾಟದಿದ್ದರೆ ಕಾದದ್ದು ನಷ್ಟವೇ.

ಹಿಂದಿನ 5 ವರ್ಷ ಇದೇ ತಿಂಗಳುಗಳಲ್ಲಿ ಧಾರಣೆ ಎಷ್ಟು ಏರಿತ್ತು ಎಂಬುದನ್ನು ‘ಕೃಷಿ ಮಾರಾಟ ವಾಹಿನಿ’ ಜಾಲತಾಣದಿಂದ ಅಥವಾ ಎಪಿಎಂಸಿಯಿಂದ ಪಡೆದು ಈ ಲೆಕ್ಕದೊಡನೆ ಹೋಲಿಸಬೇಕು. ಆದರೆ ಹಳೆಯ ಅಂಕಿಗಳು ಭರವಸೆಯಲ್ಲ. ಆಮದು ಹೆಚ್ಚಿದರೆ ಧಾರಣೆ ಕುಸಿಯಬಹುದು. ಆದ್ದರಿಂದ ಲೆಕ್ಕ ಅನುಕೂಲವಾಗಿ ಕಂಡರೂ ಎಲ್ಲ ಮಾಲನ್ನೂ ಕಾಯಿಸದೆ, ಒಂದು ಭಾಗವನ್ನು ಮಾರಿ ಸದಸ್ಯರ ಸಾಲ ತೀರಿಸುವುದು ಕ್ಷೇಮ. ತೀರ್ಮಾನವನ್ನೂ ಅದರ ಕಾರಣವನ್ನೂ ನಡಾವಳಿ ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನ ಸುಗ್ಗಿಗೆ ಅದೇ ಮಾರ್ಗದರ್ಶಿ.